ತಣ್ಣಗಾದ ರೊಟ್ಟಿಯ ಚೀಟಿಗಳು

ಗದಗಿನ ಪಾರವ್ವನ ಖಾನಾವಳಿಯಿಂದ ಊಟದ ಡಬ್ಬಿಗಳನ್ನು ಕಾರಿನಲ್ಲಿ ಆಫೀಸುಗಳಿಗೆ ಮುಟ್ಟಿಸುವವಳು ಅವಳ ಮಗಳು ಸಹನಾ. ವಯಸ್ಸು ಹತ್ತೊಂಬತ್ತು. ಕಾರಿನ ವಿಮೆ ಅಂದೇ ಮುಗಿಯುತ್ತಿತ್ತು. ಅದಿಲ್ಲದೆ ಮರುದಿನ ಒಂದು ಡಬ್ಬಿಯೂ ಹೊರಡುವಂತಿರಲಿಲ್ಲ.

ವಿಮಾ ಕಚೇರಿಯ ಮ್ಯಾನೇಜರ್ ಹಂಚಿನಾಳ ಸಾಹೇಬರು ಅವಳ ನವೀಕರಣದ ಅರ್ಜಿಯನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದರು.

“ಈ ವಯಸ್ಸಿನವರು ಗಾಳಿ ಹಂಗ ಗಾಡಿ ಓಡಸ್ತೀರಿ, ತಂಗಿ. ನೀ ನಿಧಾನ ಓಡಸ್ತಿ ಅಂತ ಯಾರರ ದೊಡ್ಡ ಮನಷ್ಯಾರು ಬರದು ಕೊಡ್ಲಿ. ಆಮ್ಯಾಲ ನೋಡೂಣು.”

“ಬರದು ಕೊಟ್ಟಾರ್ರಿ, ಸಾಹೇಬ್ರ.”

ಅವಳು ಚೀಲದಿಂದ ಚೀಟಿಗಳ ಕಟ್ಟೊಂದನ್ನು ತೆಗೆದಳು. ಯಾರಿರಬಹುದೆಂಬ ಕುತೂಹಲದಿಂದ ಸಾಹೇಬರು ಕನ್ನಡಕ ಏರಿಸಿದರು. ದಿನವೂ ಊಟ ಮಾಡಿ, ಖಾಲಿ ಡಬ್ಬಿಯಲ್ಲಿ ತಾವೇ ಇಟ್ಟು ಕಳಿಸಿದ ಚೀಟಿಗಳು ಅವು!

‘ರೊಟ್ಟಿ ತಣ್ಣಗಾಗಿತ್ತು. ಇವಳಿಗಿಂತ ಎತ್ತಿನ ಗಾಡಿ ಬೇಗ ಬರುತ್ತದೆ.’

‘ಸೈಕಲ್ಲುಗಳೂ ಇವಳನ್ನು ಹಿಂದೆ ಹಾಕುತ್ತವೆ. ಕಿಟಕಿಯಿಂದ ಕಣ್ಣಾರೆ ಕಂಡಿದ್ದೇನೆ.’

ಪ್ರತಿಯೊಂದರ ಕೆಳಗೂ ತಾರೀಖು, ಸಹಿ.

“ಇಷ್ಟು ಸಾಕೇನ್ರಿ? ಮನ್ಯಾಗ ಇನ್ನೊಂದು ಕಟ್ಟು ಐತ್ರಿ.”

ಸಾಹೇಬರು ಕೆಮ್ಮಿದರು. ಆಮೇಲೆ ಸೀಲು ಹುಡುಕತೊಡಗಿದರು.

ಮರುದಿನ ಅವರ ಖಾಲಿ ಡಬ್ಬಿಯಲ್ಲಿ ಎಂದಿನಂತೆ ಚೀಟಿಯಿತ್ತು: ‘ಪಲ್ಯ ತಣ್ಣಗಿತ್ತು.’

ಸಹಿ ಮಾತ್ರ ಇರಲಿಲ್ಲ.