ಕೆಂಪು ಮರ ನೋಡಲು ಹೋದವರು

"ಗುರುಗಳೇ, ನಾನು ಕಾಣಬೇಕೆಂದು ಬಂದದ್ದನ್ನು ಯಾವತ್ತು ತೋರಿಸುತ್ತೀರಿ?" ಎಂದು ಶಿಷ್ಯ ಕೇಳಿದ. ಅವನು ಮಠಕ್ಕೆ ಬಂದು ವರ್ಷಗಳಾಗಿದ್ದವು. ಈಚೆಗೆ ಅವನ ವಿನಯದಲ್ಲಿ ಸ್ವಲ್ಪ ಅವಸರ ಸೇರಿಕೊಂಡಿತ್ತು.

ಗುರು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಮಾಗಿಯಲ್ಲಿ ಒಮ್ಮೆ ದಾರಿ ತಪ್ಪಿ ಒಬ್ಬ ರೈತನ ಹಿತ್ತಲಿಗೆ ಹೋದವನು ಅಲ್ಲಿ ಒಂದು ಬಾದಾಮಿ ಮರ ಕಂಡ. ಉದುರುವ ಮೊದಲು ಅದರ ಅಗಲವಾದ ಎಲೆಗಳೆಲ್ಲ ಕೆಂಪಾಗಿದ್ದವು. ಊರಿಗೆ ಬಂದು ಸಿಕ್ಕವರಿಗೆಲ್ಲ ಅದನ್ನೇ ಹೇಳಿದ. ಹೇಳಿದಂತೆಲ್ಲ ಮರ ಇನ್ನಷ್ಟು ಕೆಂಪಾಯಿತು.

ಮರುವರ್ಷ ಮಾಗಿಯ ಹೊತ್ತಿಗೆ ಅವನ ಮಗಳಿಗೆ ದೊಡ್ಡ ಮನೆಯೊಂದರ ಸಂಬಂಧ ಕೂಡಿಬರುವುದರಲ್ಲಿತ್ತು. ಹುಡುಗನ ತಂದೆ ಕಡಿಮೆ ಮಾತಿನ ಹಿರಿಯರು. "ನಿಮ್ಮ ಮಗಳನ್ನು ನೋಡಿದ್ದಾಯಿತು. ಆ ಮರವನ್ನೂ ಒಮ್ಮೆ ತೋರಿಸಿ. ನಿಮ್ಮ ಮಾತು ಎಷ್ಟು ನಿಜವೆಂದು ತಿಳಿದರೆ ಅಲ್ಲೇ ತಾಂಬೂಲ ಬದಲಿಸೋಣ" ಎಂದರು.

ವ್ಯಾಪಾರಿ ಹಿಗ್ಗಿಹೋದ. ರೈತನಿಗೆ ಹೇಳಿಕಳಿಸಿದ: "ದೊಡ್ಡವರು ಬರುತ್ತಿದ್ದಾರೆ. ನಿನ್ನ ಕೆಂಪೆಲೆಗಾಗಿಯೇ ಬರುತ್ತಿದ್ದಾರೆ. ಊಟಕ್ಕೆ ಏರ್ಪಾಡು ಮಾಡು."

ಎರಡೂ ಕಡೆಯ ನೆಂಟರು ಗಾಡಿ ಕಟ್ಟಿಕೊಂಡು ಮಧ್ಯಾಹ್ನಕ್ಕೆ ತಲುಪಿದರು. ರೈತ ಕಾಲಿಗೆ ನೀರು ಕೊಟ್ಟು ಎಲ್ಲರನ್ನೂ ಸೀದಾ ಪಡಸಾಲೆಯಲ್ಲಿ ಊಟಕ್ಕೆ ಕೂರಿಸಿದ. ಮುಂದೆ ಕಡ್ಡಿ ಚುಚ್ಚಿ ಹೊಲಿದ ಎಲೆಗಳಿದ್ದವು. ವ್ಯಾಪಾರಿಗೆ ನಾಚಿಕೆಯಾಯಿತು.

"ಒಂದು ಬಾಳೆ ಎಲೆಗೂ ಗತಿಯಿಲ್ಲದವರು. ನೀವು ಬೇಜಾರು ಮಾಡಿಕೊಳ್ಳಬೇಡಿ" ಎಂದು ಹಿರಿಯರ ಕಿವಿಯಲ್ಲಿ ಹೇಳಿದ. "ಬೇಗ ಉಂಡು ಏಳೋಣ. ಮರ ನೋಡಿದರೆ ಇದೆಲ್ಲ ಮರೆತುಹೋಗುತ್ತದೆ."

ಹಿರಿಯರು ತಲೆ ತಗ್ಗಿಸಿ ಕೂತಿದ್ದರು. ಅಷ್ಟರಲ್ಲಿ ಸಾರು ಬಂತು.

ಊಟವಾಯಿತು. ಎಲ್ಲರೂ ತಮ್ಮ ತಮ್ಮ ಎಲೆ ಮಡಚಿ ತಿಪ್ಪೆಗೆ ಎಸೆದು ಕೈ ತೊಳೆದರು. ವ್ಯಾಪಾರಿ ತಾಂಬೂಲದ ತಟ್ಟೆ ಹಿಡಿದು ತಾನೇ ಮುಂದಾಗಿ ಹಿತ್ತಲ ಬಾಗಿಲು ತೆಗೆದ.

ಮರವಿತ್ತು. ಅದರಲ್ಲಿ ಒಂದು ಎಲೆಯೂ ಇರಲಿಲ್ಲ. ಅದರ ಬುಡ ಗುಡಿಸಿ, ಸಾರಿಸಿ, ರಂಗೋಲಿ ಹಾಕಿತ್ತು.

ವ್ಯಾಪಾರಿ ರೈತನ ಕಡೆ ತಿರುಗಿದ. "ಎಲೆ ಎಲ್ಲಯ್ಯಾ?"

"ಈಗ ತಾನೇ ಅದರಲ್ಲಿ ಉಂಡಿರಲ್ಲ ಸಾಹುಕಾರ್ರೇ!" ಎಂದ ರೈತ. "ಕೆಂಪೆಲೆಗಾಗಿಯೇ ಬರ್ತಾರೆ ಅಂತ ಹೇಳಿಕಳಿಸಿದ್ರಿ. ಒಳ್ಳೊಳ್ಳೆಯವನ್ನು ಆರಿಸಿ ಹೊಲಿದ್ವಿ. ಉಳಿದದ್ದನ್ನು ಉದುರಿಸಿ ಗುಡಿಸಿದ್ವಿ. ಎಲೆಯನ್ನು ಸುಮ್ಮನೆ ನೋಡಿಹೋಗೋಕೆ ಯಾರಾದರೂ ಗಾಡಿ ಕಟ್ಟಿಕೊಂಡು ಬರ್ತಾರಾ?"

ವ್ಯಾಪಾರಿ ತಿಪ್ಪೆಯ ಕಡೆ ಓಡಿದ. ಅಲ್ಲಿ ಎಮ್ಮೆ ತನ್ನ ಊಟ ಮುಗಿಸುತ್ತಿತ್ತು.

"ಗಾಬರಿಯಾಗಬೇಡಿ. ನಿಮ್ಮ ಮಾತು ನಿಜ" ಎಂದರು ಹಿರಿಯರು. "ಅಂಥ ಕೆಂಪು ನಾನೆಲ್ಲೂ ಕಂಡಿರಲಿಲ್ಲ. ಸಾರು ಬಡಿಸುವ ಮೊದಲೇ ನೋಡಿಕೊಂಡೆ."

ವ್ಯಾಪಾರಿಗೆ ಹೋದ ಜೀವ ಬಂತು. ತಟ್ಟೆ ಮುಂದೆ ಚಾಚಿದ. ಹಿರಿಯರು ಅದನ್ನು ಮುಟ್ಟಲಿಲ್ಲ.

"ಅದನ್ನೇ ನಿಮ್ಮ ಮುಂದೆ ಹಾಸಿದಾಗ ನೀವು ಬಾಳೆ ಎಲೆ ಕೇಳಿದಿರಿ. ನನ್ನ ಮಗನನ್ನು ನಿಮಗೆ ಅಳಿಯನಾಗಿ ಯಾವ ಧೈರ್ಯದ ಮೇಲೆ ಕೊಡಲಿ?" ಎಂದು ಗಾಡಿ ಹತ್ತಿದರು.

ಕತೆ ಮುಗಿಯಿತು. ಶಿಷ್ಯನಿಗೆ ನಗು ತಡೆಯಲಾಗಲಿಲ್ಲ. "ಎಂಥ ಮೂಢನವನು, ಗುರುಗಳೇ! ತಾನೇ ಉಂಡು, ತಾನೇ ಮಡಚಿ ಎಸೆದನಲ್ಲ!"

ಗುರು ಕೇಳಿದರು: "ಇಷ್ಟು ವರ್ಷ ಈ ಮಠದಲ್ಲಿ ಉಂಡ ಎಲೆಗಳನ್ನು ನೀನು ಎಲ್ಲಿ ಎಸೆದೆ?"