ಕುದುರೆಯ ಬಾಯಿಂದಲೇ ಕೇಳಿದ ಸಿರಿಯವ್ವ

ಇಂಗ್ಲಿಷಿನವರು ಖಚಿತವಾದ ಸುದ್ದಿಗೆ ಕುದುರೆಯ ಬಾಯಿಂದಲೇ ಕೇಳಿದ್ದು ಅನ್ನುತ್ತಾರಂತಲ್ಲ, ಕುದುರೆ ಮಾತಾಡುತ್ತದಾ ಅಜ್ಜೀ ಅಂತ ಕೇಳಿದೆಯಲ್ಲ ಪುಟ್ಟೀ, ಹೊದ್ದುಕೊಂಡು ಕೇಳು.

ಒಂದಾನೊಂದು ಕಾಲದಲ್ಲಿ ಅರಸನೊಬ್ಬನ ಲಾಯದಲ್ಲಿ ಕುದುರೆಗಳನ್ನು ನೋಡಿಕೊಳ್ಳುವ ಮೈಲಾರಪ್ಪನೆಂಬ ರಾವುತನಿದ್ದನಂತೆ. ಗುರವ್ವ, ನೀಲವ್ವ, ಸಿರಿಯವ್ವ ಅಂತ ಅವನಿಗೆ ಮೂವರು ಹೆಣ್ಣುಮಕ್ಕಳು. ಒಂದು ದಿನ ಹುಲ್ಲಿನ ಬಣವೆಯಿಂದ ಜಾರಿ ಬಿದ್ದು ಅವನ ಕಾಲು ಮುರಿಯಿತಂತೆ. ಅದೇ ಹೊತ್ತಿಗೆ ಅರಸ, ಮೂರು ಸಂತೆಯೊಳಗೆ ನನ್ನ ಮಗಳಿಗೆ ಎಳೆಯ ಕುದುರೆ ಬರಬೇಕು, ಇಲ್ಲವಾದರೆ ಲಾಯಕ್ಕೆ ಬೇರೆ ರಾವುತ ಬರುತ್ತಾನೆ ಅಂದನಂತೆ. ಆಮೇಲೆ ಮೈಲಾರಪ್ಪ ಮಲಗಿದಲ್ಲಿಂದಲೇ ಮಕ್ಕಳನ್ನು ಕರೆದು, ಕುದುರೆಯ ವಯಸ್ಸೆಲ್ಲ ಹಲ್ಲಿನಲ್ಲಿರುತ್ತದೆ ಕಣ್ರವ್ವಾ, ಎಳೆಯದಕ್ಕೆ ಪುಟ್ಟ ಹಾಲುಹಲ್ಲು, ಮುದಿಯದಕ್ಕೆ ಮುಂಚಾಚಿದ ಉದ್ದನೆಯ ಹಲ್ಲು, ತುಟಿ ಎತ್ತಿ ನೋಡಿಯೇ ತನ್ನಿ ಅಂದನಂತೆ.

ಮೊದಲ ಸಂತೆಗೆ ಗುರವ್ವ ಹೋದಳು. ಥೂ, ಆ ಜೊಲ್ಲಿನ ಬಾಯಿಗೆ ಯಾರು ಕೈ ಹಾಕುತ್ತಾರೆ ಅಂತ ವ್ಯಾಪಾರಿಯನ್ನೇ ಕೇಳಿದಳಂತೆ. ಅವನು, ಮೊನ್ನೆ ಮೊನ್ನೆ ಹುಟ್ಟಿದ ಮರಿ ತಾಯೀ, ಇನ್ನೂ ಅಮ್ಮನನ್ನು ನೆನೆದು ಅಳುತ್ತದೆ ಅಂದನಂತೆ. ಅವನ ಮಾತು ನಂಬಿ ಕುದುರೆಯನ್ನು ಹೊಡೆದುಕೊಂಡು ಬಂದರೆ ಅರ್ಧ ದಾರಿಗೇ ಅದು ಉಸ್ಸೆಂದು ಮಲಗಿತಂತೆ. ಅಪ್ಪ ತುಟಿ ಎತ್ತಿ ನೋಡಿ, ಇದು ನನಗಿಂತ ಹಿರಿಯದು ಕಣವ್ವಾ ಅಂತ ನಕ್ಕು, ವಾಪಸು ಕಳಿಸಿದನಂತೆ.

ಆಮೇಲೆ ಎರಡನೆಯ ಸಂತೆಗೆ ನೀಲವ್ವ ಹೋದಳು. ನಾನೇನು ಅಕ್ಕನ ಹಾಗೆ ದಡ್ಡಿಯಲ್ಲ ಅಂತ, ಅದೇ ವ್ಯಾಪಾರಿಯ ಇನ್ನೊಂದು ಕುದುರೆಯನ್ನು ತೋರಿಸಿ, ಹುಣಸೆಮರದ ಕೆಳಗೆ ಕೂತಿದ್ದ ಮೂವರನ್ನು ಅದರ ವಯಸ್ಸು ವಿಚಾರಿಸಿದಳಂತೆ. ಮೂವರೂ ಎಳೆಯದೇ ಎಳೆಯದೇ ಅಂದರಂತೆ. ಮೂವರೂ ಆ ವ್ಯಾಪಾರಿಯ ಭಾವಮೈದುನರು! ಆ ಕುದುರೆಯೂ ಮುದಿಯದೇ.

ಉಳಿದದ್ದು ಒಂದೇ ಸಂತೆ. ಲಾಯ ಕೈಬಿಟ್ಟರೆ ಕುಂಟುಕಾಲಿನ ಅಪ್ಪನಿಗೆ ಯಾರು ಕೆಲಸ ಕೊಟ್ಟಾರು ಅಂತ ಸಿರಿಯವ್ವ ಬೆಳಕು ಹರಿಯುವ ಮೊದಲೇ ಸಂತೆಗೆ ಹೊರಟಳಂತೆ. ಹೋದವಳೇ ಸೆರಗು ಸಿಕ್ಕಿಸಿ ಒಂದೊಂದೇ ಕುದುರೆಯ ತುಟಿ ಎತ್ತತೊಡಗಿದಳಂತೆ. ಏನವ್ವಾ, ಹಲ್ಲು ಉಜ್ಜಿಸೋಕೆ ಬಂದೆಯಾ ಅಂತ ಅದೇ ವ್ಯಾಪಾರಿ ಗೇಲಿ ಮಾಡಿದನಂತೆ. ಅದಕ್ಕವಳು, ಒಬ್ಬ ಅಕ್ಕ ನಿನ್ನ ಬಾಯಿಂದ ಕೇಳಿದಳು, ಇನ್ನೊಬ್ಬಳು ನಿನ್ನ ಭಾವಮೈದುನರ ಬಾಯಿಂದ ಕೇಳಿದಳು, ನಾನು ಕುದುರೆಯ ಬಾಯಿಂದಲೇ ಕೇಳ್ತೀನಿ ಬಿಡಣ್ಣಾ ಅಂದಳಂತೆ! ತಿಳಿಯಿತೇ ಮಗೂ? ಬಲ್ಲವರ ಬಾಯಿಂದಲೇ ನೇರ ತಿಳಿದದ್ದು ಅನ್ನುವುದಕ್ಕೆ ಇಂಗ್ಲಿಷಿನವರು ಹಾಗನ್ನುವುದು. ಆ ಮಾತು ಹಲ್ಲು ನೋಡುವ ಸಂತೆಯಲ್ಲೇ ಹುಟ್ಟಿತು ಅಂತ ಕೆಲವರು ಹೇಳುತ್ತಾರಂತೆ.

ಆಮೇಲೆ ಮೂಲೆಯಲ್ಲಿದ್ದ, ಮೈಯೆಲ್ಲ ಕೆಸರು ಮೆತ್ತಿದ ಬಡಕಲು ಕುದುರೆಯನ್ನು ಆರಿಸಿ, ಸಿರಿಯವ್ವ ನೇರ ಅರಮನೆಗೆ ಹೊಡೆದುಕೊಂಡು ಹೋದಳಂತೆ. ಸಭೆಯವರೆಲ್ಲ ಗೊಳ್ಳೆಂದು ನಕ್ಕರಂತೆ. ಇದೇನೇ, ಕತ್ತೆಯ ಅಜ್ಜನನ್ನು ತಂದಿದ್ದೀಯಾ ಅಂತ ಅರಸ ಕೆಂಡವಾದನಂತೆ. ಅವಳು ಕುದುರೆಯ ತುಟಿ ಎತ್ತಿ ಹಿಡಿದಳಂತೆ. ಏಳು ವರ್ಷದ ರಾಜಕುಮಾರಿ ಓಡಿ ಬಂದು, ಬಾಯೊಳಗೆ ಬೆರಳಿಟ್ಟು, ಅಪ್ಪಾಜೀ, ಇದಕ್ಕೂ ನನ್ನ ಹಾಗೇ ಹಾಲುಹಲ್ಲು ಅಲ್ಲಾಡ್ತಾ ಇದೆ ಅಂತ ಕಿರುಚಿದಳಂತೆ! ಅರಸ ತಾನೂ ಬಗ್ಗಿ ನೋಡಿದನಂತೆ. ಕುದುರೆ ಅವನ ಮೀಸೆಯನ್ನು ಹುಲ್ಲೆಂದು ಬಗೆದು ಮೆಲ್ಲಗೆ ಕಚ್ಚಿ ಎಳೆಯಿತಂತೆ. ಅರಸ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ.

ಆಮೇಲೆ ಮೈಲಾರಪ್ಪನ ರಾವುತಿಕೆ ಅವನಿಗೇ ಉಳಿಯಿತಂತೆ, ಅವನ ನಂತರ ಅದು ಸಿರಿಯವ್ವನಿಗೇ ಅಂತ ಅಪ್ಪಣೆಯೂ ಆಯಿತಂತೆ, ಅಕ್ಕಂದಿರಿಬ್ಬರೂ ಮೂಗು ಮುಚ್ಚಿಕೊಂಡಾದರೂ ಹಲ್ಲು ನೋಡುವುದನ್ನು ಕಲಿತರಂತೆ. ಕತೆ ಲಾಯ ಸೇರಿತು, ಇನ್ನು ನೀನು ಕಣ್ಣು ಮುಚ್ಚು.