ರಾಚಯ್ಯನವರು ಬಿಟ್ಟ ಸಾಲು

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನಿಗೂ ಕೇಳಿ ಮಾತ್ರ ಗೊತ್ತಿದ್ದ ಕಾಲದಲ್ಲಿ, ಎಕ್ಕೆಹಾಳ ಅಂತ ಒಂದು ಊರು. ಆ ಊರ ಮಠದ ಪಡಸಾಲೆಯಲ್ಲಿ ರಾಚಯ್ಯನವರು ಅನ್ನುವವರು ವೈದ್ಯ ಕಲಿಸುತ್ತಿದ್ದರು. ಅವರು ನಾಡಿ ಹಿಡಿದರೆ ಜ್ವರ ತಾನೇ ನಾಚಿಕೊಂಡು ಇಳಿಯುತ್ತಿತ್ತು ಅಂತಾರೆ. ಅಷ್ಟನ್ನು ನಾನು ನಂಬುವುದಿಲ್ಲ. ಮುಂದಿನದನ್ನು ನಂಬುತ್ತೇನೆ, ಕೇಳಿ.

ಆಗ ಔಷಧದ ಗ್ರಂಥಗಳೆಲ್ಲ ಪೇಟೆಯ ಒಂದೇ ಮನೆತನದ ಕೈಯಲ್ಲಿದ್ದವು. ಗ್ರಂಥದ ಮನೆ ಅಂತಲೇ ಅದಕ್ಕೆ ಹೆಸರು. ಓದುತ್ತೇನೆ ಅಂದವನು ಹಸು ಕೊಡಬೇಕು, ಪ್ರತಿ ಮಾಡಿಕೊಳ್ಳುತ್ತೇನೆ ಅಂದವನು ಜೋಡೆತ್ತು ಕೊಡಬೇಕು. ಕೊಟ್ಟು ತಂದ ಮೇಲೂ ಇನ್ನೊಬ್ಬರಿಗೆ ತೋರಿಸುವಂತಿಲ್ಲ, ಆಣೆ ಹಾಕಿಸಿಕೊಳ್ಳುತ್ತಿದ್ದರು. ಇಲ್ಲದವರ ಮಕ್ಕಳು ಕಿವಿಗೆ ಬಿದ್ದಷ್ಟನ್ನೇ ನಂಬಿ ವೈದ್ಯ ಮಾಡಬೇಕು. ಹಾಗೆ ಕಲಿತ ರಾಚಯ್ಯನವರ ಶಿಷ್ಯನೊಬ್ಬ ಒಂದು ಬೇರಿನ ಬದಲು ಇನ್ನೊಂದು ಬೇರು ಅರೆದು ಕುಡಿಸಿದ. ಬಾಣಂತಿ ಸತ್ತಳು. ಅಂದಿನಿಂದ ರಾಚಯ್ಯನವರಿಗೆ ಅನ್ನ ಸೇರಲಿಲ್ಲ ಅಂತಾರೆ.

ಅವರು ನೆಟ್ಟಗೆ ಆ ಸೀಮೆಯ ದೊರೆಸಾನಿ ತುಂಗವ್ವನ ಹತ್ತಿರ ಹೋದರು. ಎಲ್ಲರ ಕೈಗೂ ಸಿಗುವಂಥ ಗ್ರಂಥ ಬರೆಯುತ್ತೇನೆ, ಬರೆಯುವಷ್ಟು ದಿನ ಮನೆಯ ಒಲೆ ಉರಿಯಬೇಕಲ್ಲ ಅಂತ ಕೇಳಿದರು. ತುಂಗವ್ವ ಒಪ್ಪಿದಳು. ಬರೆದು ಮುಗಿಯುವ ತನಕ ರಾಚಯ್ಯನವರ ಮನೆಗೆ ನನ್ನ ಕಣಜದ ಕಾಳು ಅಂದಳು. ಕೊಂಡ ಗ್ರಂಥ ಬದಿಗಿಟ್ಟು ಈ ಗ್ರಂಥದಿಂದ ಕಲಿಸುವ ಗುರುಗಳಿಗೂ ಒಂದು ವರ್ಷದ ಕಾಳು ಅಂದಳು. ಒಂದೇ ಕಟ್ಟಳೆ: ಪ್ರತಿ ಮಾಡಿಕೊಳ್ಳಲು ಬಂದವರಿಗೆ ಇಲ್ಲ ಅನ್ನಬಾರದು, ನೀನು ಯಾರು ಎಲ್ಲಿಯವನು ಅಂತಲೂ ಕೇಳಬಾರದು.

ಗ್ರಂಥವಾಯಿತು. ಮೊದಮೊದಲು ಗುರುಗಳು ಹತ್ತಿರ ಬರಲಿಲ್ಲ. ಪುಕ್ಕಟೆ ಸಿಕ್ಕಿದ್ದರಲ್ಲಿ ಏನು ಸತ್ವ ಇದ್ದೀತು ಅಂದರಂತೆ. ಗ್ರಂಥದ ಮನೆಯವರಂತೂ, ಎಲ್ಲರ ಕೈಗೆ ಕತ್ತಿ ಕೊಟ್ಟಿದ್ದಾರೆ, ಯಾರ ಕುತ್ತಿಗೆ ಹೋಗುತ್ತದೋ ನೋಡೋಣ ಅಂದರಂತೆ. ಆದರೆ ಕಾಳಿನ ಆಸೆಗೆ ಒಬ್ಬರು ಬಂದರು, ಶಿಷ್ಯರ ಕಾಟ ತಾಳಲಾರದೆ ಇನ್ನೊಬ್ಬರು ಬಂದರು. ಆಮೇಲೆ ಜನವೋ ಜನ. ಪಡಸಾಲೆಯಲ್ಲಿ ಬರೆಯುವ ಕಬ್ಬಿಣದ ಕಂಟದಿಂದ ಓಲೆಗರಿ ಗೀರುವ ಸದ್ದು ಮಳೆ ಹನಿದ ಹಾಗೆ ಕೇಳುತ್ತಿತ್ತು ಅಂತಾರೆ. ಬರೆದುಕೊಂಡವರು ಬರೆದುಕೊಂಡರು, ಹೋದವರು ಹೋದರು. ಎಲ್ಲಿಗೆ ಹೋದರೋ ಯಾರೂ ಕೇಳಲಿಲ್ಲ.

ಒಂದು ದಿನ ಬೆಳಿಗ್ಗೆ ಶಿಷ್ಯರು ವಾಯುನೋವಿನ ಪಾಠ ಒಪ್ಪಿಸುತ್ತಿದ್ದರು. ಅದಕ್ಕೆ ಒಂದು ವಿಷದ ಗಡ್ಡೆ ಹಾಕಬೇಕು. ಗಡ್ಡೆ ಹೆಚ್ಚಿ ಒಣಗಿಸಬೇಕು ಅಂದರು, ಪುಡಿ ಮಾಡಬೇಕು ಅಂದರು. ರಾಚಯ್ಯನವರು ಕೈ ಎತ್ತಿ ತಡೆದರು.

"ಹಾಲಿನ್ಯಾಗ ಕುದಿಸಿ, ಆ ಹಾಲು ಚೆಲ್ಲೂದು ಯಾಕ ಬಿಟ್ರಿ?"

"ಓಲ್ಯಾಗ ಅದು ಇಲ್ರೀ ಅಯ್ಯನವರ."

ತಮ್ಮದೇ ಮೂಲಪ್ರತಿ ತರಿಸಿ ನೋಡಿದರು. ಇರಲಿಲ್ಲ. ಬರೆಯುವಾಗ ಅವರೇ ಒಂದು ಸಾಲು ಬಿಟ್ಟಿದ್ದರು. ಹಾಲಿನಲ್ಲಿ ಕುದಿಸದ ಆ ಗಡ್ಡೆ ಔಷಧವಲ್ಲ, ಮೃತ್ಯು.

ಅವರ ಹೆಂಡತಿ ನೀಲವ್ವ ಹೇಳುತ್ತಿದ್ದಳಂತೆ, ಎದ್ದವರು ಜೋಡು ಸಹ ಮೆಟ್ಟಲಿಲ್ಲ ಅಂತ. ಯಾವ ಊರಿಗೆ ಓಡುವುದು? ಕಂಡ ದಾರಿಯೇ ದಾರಿ. ಊರು ಸಿಕ್ಕಾಗಲೆಲ್ಲ ಬಾವಿಯ ಹತ್ತಿರ ನಿಂತು, ಇಲ್ಲಿ ನನ್ನ ಗ್ರಂಥ ಇದೆಯೇ, ಮೊಣಕಾಲು ನೋವಿಗೆ ಯಾರಾದರೂ ಪುಡಿ ತಿಂದಿದ್ದಾರೆಯೇ ಅಂತ ಕೇಳುವರು. ಇಲ್ಲ ಅಂದರೆ ಮುಂದಿನ ಊರು. ಇದೆ ಅಂದರೆ ಕುಳಿತು ಸಾಲು ಸೇರಿಸಿ ಮತ್ತೆ ಮುಂದಿನ ಊರು. ದೂರದಲ್ಲಿ ಹೊಗೆ ಕಂಡರೆ ಚಿತೆಯೋ ಅಂತ ಎದೆ ಧಸಕ್ ಅನ್ನುತ್ತಿತ್ತು. ಹತ್ತಿರ ಹೋದರೆ ಕುಂಬಾರರು ಮಡಕೆ ಸುಡುವ ಆವಿಗೆ ಇರುತ್ತಿತ್ತು. ಆದರೂ ಮುಂದಿನ ಹೊಗೆಗೆ ಎದೆ ಮತ್ತೆ ಧಸಕ್.

ಹಿರೇಬೂದಿಯಲ್ಲಿ ಒಬ್ಬ ನೇಕಾರ ಆ ಪುಡಿ ತಿಂದಿದ್ದ. ಜೀವ ಇತ್ತು, ಕೈಕಾಲು ಮರಗಟ್ಟಿತ್ತು. ರಾಚಯ್ಯನವರು ಅಲ್ಲೇ ಕುಳಿತು ಉಪಚಾರ ಮಾಡಿದರು. ಅವನನ್ನು ಬಿಟ್ಟು ಹೋಗುವಂತಿಲ್ಲ, ಹೋಗದಿದ್ದರೆ ಇನ್ನೆಲ್ಲಿ ಯಾರು ನುಂಗುತ್ತಾರೋ. ಆ ಸಂಕಟಕ್ಕೇ ಅವರ ತಲೆ ಬೆಳ್ಳಗಾಯಿತು ಅಂತಾರೆ. ನೇಕಾರ ಉಳಿದ. ಆದರೆ ಬಲಗೈಗೆ ಮತ್ತೆ ಲಾಳಿ ಹಿಡಿಯಲು ಬರಲಿಲ್ಲ.

ಕಡೆಗೆ ಹೊಳೆಯಾಚೆಯ ಮರುಳಯ್ಯನವರ ಊರು ಮುಟ್ಟಿದರು. ಅವರೂ ವೈದ್ಯ ಕಲಿಸುವವರೇ. ಅವರ ಅಂಗಳದಲ್ಲಿ ಜನ ಕವಿದಿತ್ತು, ನಡುವೆ ಒಬ್ಬ ಮುದುಕಿಯನ್ನು ಮಲಗಿಸಿದ್ದರು. ರಾಚಯ್ಯನವರು ಜನರನ್ನು ಸರಿಸಿಕೊಂಡು ನುಗ್ಗಿದರು. ಅಷ್ಟರಲ್ಲಿ ಮುದುಕಿ ಎದ್ದು ಕುಳಿತು, ಎಣ್ಣೆ ತಿಕ್ಕಿದ್ದು ಸಾಕು, ಎಲೆಯಡಿಕೆ ಕೊಡಿ ಅಂದಳು.

ಮರುಳಯ್ಯನವರು ಓಲೆ ಬಿಚ್ಚಿ ತೋರಿಸಿದರು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಹಾಲಿನ ಸಾಲು ಇತ್ತು.

"ನನ್ನ ಗುರುಗಳು ಹೇಳಿದ್ದು ಹಿಂಗಿರಲಿಲ್ಲಲ್ಲ ಅಂತ ಅನುಮಾನ ಬಂತ್ರಿ. ಕೇಳದನ ತಿದ್ದೇನಿ, ಸಿಟ್ಟಾಗಬ್ಯಾಡ್ರಿ," ಅಂದರು. "ಇಲ್ಲಿಂದ ಬರಕೊಂಡು ಹ್ವಾದವರೆಲ್ಲ ತಿದ್ದಿದ್ದನ್ನ ಒಯ್ದಾರ."

ರಾಚಯ್ಯನವರು ಅವರ ಕೈ ಹಿಡಿದು ಅತ್ತರಂತೆ. ಆಮೇಲೆ ತುಂಗವ್ವನ ಮುಂದೆ ನಿಂತು ನೇಕಾರನ ಸಂಗತಿ ಹೇಳಿದರು. ಗುರುಗಳಿಗೆ ಕಾಳು ಕೊಡುವುದು ನಿಲ್ಲಿಸಿ, ಗ್ರಂಥ ಸುಡಿಸಿ ಅಂದರು. ಗ್ರಂಥ ಸುಡಿಸಲು ತುಂಗವ್ವ ಒಪ್ಪಲಿಲ್ಲ. ಬರೆಯುವಾಗ ರಾಚಯ್ಯನವರಿಗೆ ಕೊಟ್ಟಷ್ಟೇ ಕಾಳು ಇನ್ನು ನೇಕಾರನ ಮನೆಗೆ ಹೋಗಲಿ ಅಂದಳು. ಗುರುಗಳೆಲ್ಲ ವರ್ಷಕ್ಕೊಮ್ಮೆ ಒಂದೆಡೆ ಕೂಡಿ ಗ್ರಂಥ ಓದಲಿ, ಆ ದಿನದ ಊಟ ತನ್ನದು ಅಂದಳು. ಗ್ರಂಥ ಉಳಿಯಿತು. ಇನ್ನೂ ಒಂದು ಪ್ರತಿ ಎಲ್ಲೋ ತಿದ್ದದೆ ಉಳಿದಿದೆ ಅಂತ ರಾಚಯ್ಯನವರು ಸಾಯುವ ತನಕ ಹೆದರುತ್ತಿದ್ದರು ಅಂತಾರೆ. ಇರಲೂಬಹುದು, ಯಾರಿಗೆ ಗೊತ್ತು.

ಈಗಲೂ ಆ ಕಡೆ ಸುಗ್ಗಿ ಮುಗಿದ ಮೇಲೆ ನಾಟಿವೈದ್ಯರು ಕೂಡುತ್ತಾರೆ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ನಡುವೆ ಯಾರಾದರೂ ತಡೆದು, ಇದು ಸರಿಯೇ ಅಂತ ಕೇಳಲೇಬೇಕು. ಯಾರೂ ತಡೆಯದೆ ಓದು ಮುಗಿದರೆ ಅಡುಗೆ ಆರಿದರೂ ಸರಿ, ಎಲೆ ಹಾಕುವುದಿಲ್ಲ. ಮತ್ತೆ ಮೊದಲಿಂದ ಓದಿಸುತ್ತಾರೆ.